ಗಾಲಿ ಬಿಚ್ಚಿಕೊಟ್ಟ ಹುಡುಗ

ಬೀದರ್‌ನಿಂದ ಔರಾದ್‌ಗೆ ಸೈಕಲ್ ತುಳಿದವರಿಗೆ ಒಂದು ಸಂಗತಿ ಗೊತ್ತು. ಹೋಗುವಾಗ ಪ್ರಸ್ಥಭೂಮಿಯಿಂದ ಮಾಂಜ್ರಾ ನದಿಯ ಕಡೆಗೆ ಇಳಿಜಾರು. ಬರುವಾಗ ಅದೇ ಇಳಿಜಾರು ಏರಾಗಿ ಎದುರು ನಿಲ್ಲುತ್ತದೆ. ಔರಾದ್ ಇರುವುದು ಸುಮಾರು 40 ಕಿ.ಮೀ. ದೂರದಲ್ಲಿ, ಭಾಲ್ಕಿಯ ದಾರಿಯೂ ಹೆಚ್ಚು ಕಡಿಮೆ ಅಷ್ಟೇ. ಔರಾದ್‌ಗೆ ಎರಡು ಸಲ ಹೋಗಿ ಬಂದರೆ 160 ಕಿ.ಮೀ. ಆಗುತ್ತದೆ. ಅಷ್ಟು ದೂರವನ್ನು ಒಂದೇ ದಿನದಲ್ಲಿ, ಬೀದರ್‌ಗಿಂತ ಸುಮಾರು ಮೂರು ಪಟ್ಟು ಎತ್ತರದ ಬೆಟ್ಟವನ್ನು ಹತ್ತಿಳಿದು ಕ್ರಮಿಸಿ, ಮರುದಿನ ಬೆಳಿಗ್ಗೆ ಮತ್ತೆ ಸೈಕಲ್ ಏರಬೇಕೆಂದರೆ? ಬೀದರ್ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ 1934ರಲ್ಲಿ, ಫ್ರಾನ್ಸಿನ ಇಪ್ಪತ್ತು ವರ್ಷದ ಹುಡುಗನೊಬ್ಬ ಮಾಡುತ್ತಿದ್ದುದು ಇದನ್ನೇ. ಹೆಸರು ರೆನೆ ವಿಯೆತ್ತೊ.

ಆತ ಸ್ಪರ್ಧಿಸುತ್ತಿದ್ದ ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು 1903ರಲ್ಲಿ, ಒಂದು ಪತ್ರಿಕೆಯ ಮಾರಾಟ ಹೆಚ್ಚಿಸುವ ಉಪಾಯವಾಗಿ. ಹೆನ್ರಿ ದೆಗ್ರಾಂಜ್ ಸಂಪಾದಕತ್ವದ ‘ಲೊತೊ’ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. 1919ರಿಂದ ಒಟ್ಟು ಸಮಯದಲ್ಲಿ ಮುಂದಿರುವ ಸವಾರನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂತು. ದಿನದಿನದ ಸಮಯವನ್ನು ಕೂಡಿಸಿ, ಕೊನೆಗೆ ಅತಿ ಕಡಿಮೆ ಸಮಯ ತೆಗೆದುಕೊಂಡವನೇ ವಿಜೇತ.

ಹಾಗೆ ನೋಡಿದರೆ ಇದು ಒಂಟಿ ಸವಾರನ ಸ್ಪರ್ಧೆ. ಆದರೆ ನಾಯಕನಿಗೆ ಗಾಳಿ ತಡೆಯಾಗಿ ಮುಂದೆ ತುಳಿಯುವವರು, ಅವನ ಸೈಕಲ್ ಕೆಟ್ಟಾಗ ತಮ್ಮದನ್ನು ಕೊಡುವವರು ಇಲ್ಲದೆ ಗೆಲ್ಲುವುದು ಕಷ್ಟ. ಇಂಥವರಿಗೆ ‘ದೊಮೆಸ್ತಿಕ್’, ಅಂದರೆ ಮನೆಯಾಳು ಎಂಬ ಹೆಸರಿದೆ. 1911ರಲ್ಲಿ ದೆಗ್ರಾಂಜ್ ಒಬ್ಬ ಸವಾರನನ್ನು ಹಳಿಯಲು ಬಳಸಿದ ಬೈಗುಳ ಅದು. ಆಮೇಲೆ ಅದೇ ಕಸುಬಿನ ಹೆಸರಾಯಿತು. 1930ರಲ್ಲಿ ಕಂಪೆನಿಗಳ ತಂಡಗಳ ಬದಲು ರಾಷ್ಟ್ರೀಯ ತಂಡಗಳು ಬಂದ ಮೇಲೆ, ಈ ಸೇವೆಗೆ ದೇಶದ ಮಾನವೂ ಸೇರಿಕೊಂಡಿತು.

ವಿಯೆತ್ತೊ ಹುಟ್ಟಿದ್ದು 1914ರಲ್ಲಿ, ಕಾನ್ ನಗರದ ಪಕ್ಕದಲ್ಲಿ. ಸೈಕಲ್ ಹಿಡಿಯುವ ಮೊದಲು ಹೋಟೆಲಿನಲ್ಲಿ ಕೆಲಸಕ್ಕಿದ್ದ. 1934ರ ಫ್ರೆಂಚ್ ತಂಡದ ನಾಯಕ ಆಂತೊನಿನ್ ಮಾನ್ಯ್. 1931ರಲ್ಲಿ ಒಮ್ಮೆ ಗೆದ್ದಿದ್ದ ಅನುಭವಿ. ಹುಡುಗನ ಮೇಲೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಆದರೆ ಆಲ್ಪ್ಸ್ ಬೆಟ್ಟಗಳು ಬಂದೊಡನೆ ಅವನು ಗ್ರೆನೊಬ್ಲ್, ದೀನ್ಯ್, ಕಾನ್ ಮೂರೂ ಊರುಗಳಿಗೆ ಮೊದಲಿಗನಾಗಿ ಬಂದ. ಜನ ಅವನ ಹಿಂದೆ ಬಿದ್ದರು.

ಜುಲೈ 20ರಂದು ಪಿರನೀಸ್ ಪರ್ವತದಲ್ಲಿ ಪರ್ಪಿನ್ಯಾದಿಂದ ಆಕ್ಸ್-ಲೆ-ತೆರ್ಮ್‌ವರೆಗಿನ 158 ಕಿ.ಮೀ. ಓಟ. ಪ್ವಿಮೊರೆನ್ಸ್ ಕಣಿವೆಯ ಇಳಿಜಾರಿನಲ್ಲಿ ಮಾನ್ಯ್ ಬಿದ್ದು ಮುಂದಿನ ಗಾಲಿ ಮುರಿಯಿತು. ಹಳದಿ ಅಂಗಿ ಅವನ ಮೈಮೇಲಿತ್ತು. ಇಟಲಿಯ ಮಾರ್ತಾನೊ ಕೆಲವೇ ನಿಮಿಷ ಹಿಂದಿದ್ದ. ವಿಯೆತ್ತೊ ತನ್ನ ಮುಂದಿನ ಗಾಲಿಯನ್ನು ಬಿಚ್ಚಿ ನಾಯಕನಿಗೆ ಕೊಟ್ಟ. ಬಿಡಿಭಾಗ ಹೊತ್ತ ವಾಹನ ಬರುವವರೆಗೆ ರಸ್ತೆಬದಿಯ ಕಲ್ಲಿನ ಗೋಡೆಯ ಮೇಲೆ ಕುಳಿತು ಅತ್ತ. ಛಾಯಾಗ್ರಾಹಕನೊಬ್ಬ ಅಲ್ಲಿದ್ದ. ಆ ಚಿತ್ರ ಫ್ರಾನ್ಸಿನಾದ್ಯಂತ ಹರಡಿತು.

ಮರುದಿನ ಪೋರ್ತೆ ದಾಸ್ಪೆ ಬೆಟ್ಟದಲ್ಲಿ ಮಾನ್ಯ್‌ನ ಸೈಕಲ್ ಮತ್ತೆ ಕೆಟ್ಟಿತು. ಅದಾಗಲೇ ಮುಂದೆ ಸಾಗಿದ್ದ ವಿಯೆತ್ತೊ ಸೈಕಲ್ ತಿರುಗಿಸಿ, ಇಳಿದಿದ್ದ ದಾರಿಯನ್ನೇ ಹತ್ತಿಹೋಗಿ, ಈ ಸಲ ಇಡೀ ಸೈಕಲನ್ನೇ ಒಪ್ಪಿಸಿದ. ಎರಡು ದಿನ ಸಮಯ ಕಳೆದುಕೊಂಡ ಮೇಲೂ ಪೋ ನಗರಕ್ಕೆ ಮೊದಲಿಗನಾಗಿ ಬಂದು ನಾಲ್ಕನೆಯ ಗೆಲುವು ಪಡೆದ. ಪ್ಯಾರಿಸ್‌ನಲ್ಲಿ ಹಳದಿ ಅಂಗಿ ಮಾನ್ಯ್‌ನದಾಯಿತು. ಬೆಟ್ಟದ ಬಹುಮಾನ ಮತ್ತು ಐದನೆಯ ಸ್ಥಾನ ವಿಯೆತ್ತೊಗೆ.

‘ಗಾಲಿ ಕೊಡದಿದ್ದರೆ ಅವನೇ ಗೆಲ್ಲುತ್ತಿದ್ದ’ ಎಂಬ ಮಾತು ಅಂದಿನಿಂದ ನಡೆದುಬಂದಿದೆ. ಲೆಕ್ಕ ಇದನ್ನು ಒಪ್ಪುವುದಿಲ್ಲ. ಕೊನೆಗೆ ಮಾನ್ಯ್‌ಗಿಂತ ಅವನು ಹಿಂದಿದ್ದುದು 59 ನಿಮಿಷ 2 ಸೆಕೆಂಡು. ಪರ್ವತದಲ್ಲಿ ಕಾಯುತ್ತ ಹೋದದ್ದು ಕೆಲವು ನಿಮಿಷ ಮಾತ್ರ. ಮೊದಲ ವಾರದ ಸಮತಟ್ಟು ರಸ್ತೆಗಳಲ್ಲೇ ಅವನು ಬಹಳ ಸಮಯ ಕಳೆದುಕೊಂಡಿದ್ದ. ಆ ವರ್ಷ ಟೂರ್‌ನಲ್ಲಿ ಮೊದಲ ಬಾರಿಗೆ ಇಟ್ಟ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಪಂದ್ಯವನ್ನೂ ಮಾನ್ಯ್ ಗೆದ್ದ. ಹಾಗಾದರೆ ಹುಡುಗ ಕೊಟ್ಟದ್ದು ತನ್ನ ಪ್ರಶಸ್ತಿಯನ್ನಲ್ಲ. ಮಾನ್ಯ್ ಸೋಲದಂತೆ ಕಾಯ್ದದ್ದು ಮಾತ್ರ. ಹೀಗೆಂದರೆ ತ್ಯಾಗ ಸಣ್ಣದಾಗುವುದಿಲ್ಲ. ತಾನು ಗೆಲ್ಲುವಂತಿರಲಿಲ್ಲ ಎಂದು ಗೋಡೆಯ ಮೇಲೆ ಕುಳಿತವನಿಗೆ ಅನ್ನಿಸಿರಲಿಲ್ಲ, ಅಷ್ಟೇ. ಅನ್ನಿಸಿದ್ದರೆ ಅಳುತ್ತಿರಲಿಲ್ಲ.

ಮುಂದೆ ಅವನಿಗೆ ನಾಯಕನಾಗುವ ಸರದಿಯೂ ಬಂತು. 1939ರಲ್ಲಿ 11 ದಿನ ಹಳದಿ ಅಂಗಿ ತೊಟ್ಟು, ಬೆಲ್ಜಿಯಂನ ಸಿಲ್ವೇರ್ ಮಾಸ್ ಎದುರು ಸೋತು ಎರಡನೆಯವನಾದ. ಆಮೇಲೆ ಯುದ್ಧ, 1940ರಿಂದ 1946ರವರೆಗೆ ಟೂರ್ ನಡೆಯಲೇ ಇಲ್ಲ. 1947ರಲ್ಲಿ 33ರ ವಯಸ್ಸಿನಲ್ಲಿ ಮರಳಿ ಬಂದು 15 ದಿನ ಅಂಗಿ ಉಳಿಸಿಕೊಂಡ. ಗಡಿಯಾರದ ವಿರುದ್ಧದ 139 ಕಿ.ಮೀ. ಓಟದಲ್ಲಿ ಅದು ಕೈತಪ್ಪಿತು. ಮತ್ತೆ ಐದನೆಯ ಸ್ಥಾನ. ಟೂರ್ ಗೆಲ್ಲದೆ ಒಟ್ಟು 26 ದಿನ ಹಳದಿ ಅಂಗಿ ತೊಟ್ಟ ಅವನ ದಾಖಲೆಯನ್ನು ಸ್ವಿಟ್ಜರ್ಲೆಂಡಿನ ಕಾನ್ಸೆಲಾರಾ ಮೀರಿಸಿದ್ದು 2012ರಲ್ಲಿ. ವಿಯೆತ್ತೊ 1988ರಲ್ಲಿ ತೀರಿಕೊಂಡ.

ಎರಡು ಬಾರಿ ಟೂರ್ ಗೆದ್ದ ಮಾನ್ಯ್‌ಗಿಂತ, ಒಮ್ಮೆಯೂ ಗೆಲ್ಲದ ಈತನ ಹೆಸರನ್ನೇ ಫ್ರಾನ್ಸಿನ ಜನ ಹೆಚ್ಚು ಪ್ರೀತಿಯಿಂದ ನೆನೆದರು. ಹಾಗೆಂದು ಮಾನ್ಯ್‌ನ ಗೆಲುವು ಕಳಪೆಯಲ್ಲ. ಅಂಕಿಗಳು ಅವನ ಪರವಾಗಿವೆ. ಆದರೆ ಗೆದ್ದವರ ಪಟ್ಟಿಯಲ್ಲಿ ಗಾಲಿ ಕೊಟ್ಟವರ ಹೆಸರು ಬರೆಯುವ ರೂಢಿ ಇಲ್ಲ. ಅಂಥವರಲ್ಲಿ ಒಬ್ಬನಾದರೂ ನೆನಪಿನಲ್ಲಿ ಉಳಿದದ್ದು, ಆ ದಿನ ರಸ್ತೆಬದಿಯಲ್ಲಿ ಒಂದು ಕ್ಯಾಮೆರಾ ಇದ್ದುದರಿಂದ.