ಊರಾಚೆಯ ರಂಗಮಂದಿರ: ಗ್ಲೈಂಡ್‌ಬೋರ್ನ್‌ನ ಎರಡು ಪಯಣಗಳು

ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನದಲ್ಲಿಯೇ ರಾತ್ರಿಯ ಔತಣಕ್ಕೆ ಹೊರಟವರಂತೆ ಕಪ್ಪು ಸೂಟು, ನೀಳವಾದ ಗೌನು ಧರಿಸಿ, ಕೈಯಲ್ಲಿ ಬುತ್ತಿಯ ಬುಟ್ಟಿ ಹಿಡಿದು ರೈಲಿಗೆ ಕಾದಿರುವವರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಅವರು ಹೊರಟಿರುವುದು ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಸಣ್ಣ ಪಟ್ಟಣಕ್ಕೆ. ಅಲ್ಲಿಂದ ಮೂರು ಮೈಲಿ ದೂರದಲ್ಲಿ, ಕುರಿಗಳು ಮೇಯುವ ಗುಡ್ಡಗಳ ನಡುವೆ ಇರುವ ಗ್ಲೈಂಡ್‌ಬೋರ್ನ್ ಎಂಬ ಹಳೆಯ ಜಮೀನುದಾರಿ ಮನೆಗೆ. ಆ ಮನೆಗೆ ಹೊಂದಿಕೊಂಡಂತೆ ಒಂದು ಆಪೆರಾ ಮಂದಿರವಿದೆ. ಮಹಾನಗರದಲ್ಲಿ ಇಷ್ಟೊಂದು ರಂಗಮಂದಿರಗಳಿರುವಾಗ ಜನ ಊರು ಬಿಟ್ಟು ಹಳ್ಳಿಗಾಡಿಗೆ ಹೋಗಿ ಹಾಡು ಕೇಳುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಎರಡು ಪಯಣಗಳ ಇತಿಹಾಸ ತೆರೆದುಕೊಳ್ಳುತ್ತದೆ. ಒಂದು ಪ್ರೇಕ್ಷಕರದು, ಸಂತೋಷಕ್ಕಾಗಿ ಕೈಗೊಂಡದ್ದು. ಇನ್ನೊಂದು ಕಲಾವಿದರದು, ಅದು ಅವರು ಬಯಸಿ ಹೊರಟ ಪಯಣವಾಗಿರಲಿಲ್ಲ.

ಆಪೆರಾ ಎಂದರೆ ಸಂಭಾಷಣೆಯನ್ನೂ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಸುವ ನಾಟಕ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಬಲ್ಲವರಿಗೆ ಗೀತನಾಟಕವೆಂಬ ಕಲ್ಪನೆ ಹೊಸದಲ್ಲ. ಇಂತಹ ಪ್ರಕಾರಕ್ಕೆ ಮನಸೋತವನು ಗ್ಲೈಂಡ್‌ಬೋರ್ನ್‌ನ ಒಡೆಯ ಜಾನ್ ಕ್ರಿಸ್ಟಿ. 1882ರಲ್ಲಿ ಹುಟ್ಟಿದ ಈತ ಈಟನ್ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು, ಮೊದಲ ಮಹಾಯುದ್ಧದಲ್ಲಿ ಹೋರಾಡಿದವನು. ತನ್ನ ಮನೆಯ ದೊಡ್ಡ ಕೋಣೆಯೊಂದರಲ್ಲಿ ಆರ್ಗನ್ ವಾದ್ಯವನ್ನು ಸ್ಥಾಪಿಸಿ, ಸ್ನೇಹಿತರನ್ನೂ ಹವ್ಯಾಸಿಗಳನ್ನೂ ಕೂಡಿಸಿ ಆಪೆರಾದ ಭಾಗಗಳನ್ನು ಹಾಡಿಸುತ್ತಿದ್ದ. ಅಂತಹ ಒಂದು ಪ್ರಯೋಗಕ್ಕೆ ವೃತ್ತಿಗಾಯಕಿಯಾಗಿ ಬಂದವಳು ಕೆನಡಾದಲ್ಲಿ ಬೆಳೆದ ಆಡ್ರಿ ಮೈಲ್ಡ್‌ಮೇ. 1931ರಲ್ಲಿ ಅವರ ವಿವಾಹವಾಯಿತು. ಮನೆಯ ಪಕ್ಕದಲ್ಲಿ ಚಿಕ್ಕದೊಂದು ರಂಗಮಂದಿರ ಕಟ್ಟುವ ಯೋಚನೆಯಲ್ಲಿದ್ದ ಗಂಡನಿಗೆ, ಹಣ ಸುರಿಯುವುದೇ ಆದರೆ ಕೆಲಸವನ್ನು ಸರಿಯಾಗಿಯೇ ಮಾಡಬೇಕೆಂದು ಆಕೆ ಹೇಳಿದಳೆಂಬುದು ಗ್ಲೈಂಡ್‌ಬೋರ್ನ್‌ನಲ್ಲಿ ಇಂದಿಗೂ ಹೇಳುವ ಮಾತು. ಹಾಗೆ ಸುಮಾರು 300 ಆಸನಗಳ ಮಂದಿರವೊಂದು ಎದ್ದುನಿಂತಿತು.

ಮಂದಿರವೇನೋ ಸಿದ್ಧವಾಯಿತು, ಅದನ್ನು ನಡೆಸಬಲ್ಲವರು ಯಾರು? ಉತ್ತರ ಬಂದದ್ದು ಜರ್ಮನಿಯ ದುರಂತದಿಂದ. 1933ರ ಮಾರ್ಚ್ 7ರಂದು ಡ್ರೆಸ್ಡನ್ ಆಪೆರಾದ ಸಂಗೀತ ನಿರ್ದೇಶಕ ಫ್ರಿಟ್ಸ್ ಬುಶ್ ವಾದ್ಯವೃಂದವನ್ನು ನಡೆಸಲು ವೇದಿಕೆಗೆ ಬಂದಾಗ, ಸಭಾಂಗಣದಲ್ಲಿ ತುಂಬಿದ್ದ ನಾಜಿಗಳು ಕೂಗಾಡಿ ಆತನನ್ನು ಹೊರದಬ್ಬಿದರು. ಅದೇ ತಿಂಗಳು ಬರ್ಲಿನ್ ನಗರ ಆಪೆರಾದ ಮುಖ್ಯಸ್ಥ ಕಾರ್ಲ್ ಏಬರ್ಟ್ ಕೆಲಸ ಕಳೆದುಕೊಂಡ. ಇವರಿಬ್ಬರೂ ಯಹೂದಿಗಳಲ್ಲ, ಹೊಸ ಆಳ್ವಿಕೆಯೊಂದಿಗೆ ರಾಜಿ ಮಾಡಿಕೊಂಡಿದ್ದರೆ ಅಧಿಕಾರದಲ್ಲಿ ಉಳಿಯಬಹುದಾಗಿತ್ತು. ಉಳಿಯಲಿಲ್ಲ. ಏಬರ್ಟನ ಜೊತೆಯಲ್ಲಿ ದುಡಿಯುತ್ತಿದ್ದ ವಿಯೆನ್ನಾದ ಯಹೂದಿ ರುಡಾಲ್ಫ್ ಬಿಂಗ್‌ಗೆ ಆ ಆಯ್ಕೆಯೂ ಇರಲಿಲ್ಲ. ಯೂರೋಪಿನ ದೊಡ್ಡ ನಗರಗಳ ಬಾಗಿಲುಗಳು ಮುಚ್ಚಿಕೊಂಡಾಗ ಈ ಮೂವರಿಗೆ ತೆರೆದುಕೊಂಡದ್ದು ಹೆಸರೇ ಕೇಳಿರದ ಇಂಗ್ಲಿಷ್ ಹಳ್ಳಿಗಾಡಿನ ಬಾಗಿಲು.

ಬಂದವರು ಕೃತಜ್ಞತೆಯ ಭಾರದಿಂದ ತಲೆಬಾಗಿ ನಿಲ್ಲಲಿಲ್ಲ ಎಂಬುದು ಗಮನಾರ್ಹ. ಕ್ರಿಸ್ಟಿಗೆ ವಾಗ್ನರ್‌ನ ಬೃಹತ್ ಕೃತಿಗಳ ಹಂಬಲವಿತ್ತು. ಇಷ್ಟು ಚಿಕ್ಕ ಮಂದಿರಕ್ಕೆ ಮೋಟ್ಸಾರ್ಟ್‌ನೇ ತಕ್ಕವನೆಂದು ಅವರು ಅವನನ್ನು ಒಪ್ಪಿಸಿದರು. ಕಲೆಯ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಆಗಿರಬೇಕೆಂಬ ಷರತ್ತನ್ನೂ ಇಟ್ಟರು. ಅಂದಿನ ಲಂಡನ್ನಿನಲ್ಲಿ ಖ್ಯಾತ ಗಾಯಕರು ಬಂದು, ಅಲ್ಪಸ್ವಲ್ಪ ತಾಲೀಮು ನಡೆಸಿ, ಹಾಡಿ ಹೋಗುವುದು ವಾಡಿಕೆಯಾಗಿತ್ತು. ಇಲ್ಲಿ ಹೆಸರಿಗಿಂತ ಪಾತ್ರಕ್ಕೆ ಹೊಂದುವ ಕಂಠವನ್ನು ಆರಿಸಿದರು. ವಾರಗಟ್ಟಲೆ ತಾಲೀಮು ನಡೆಸಿದರು. ನಗರದ ಸೆಳೆತಗಳಿಂದ ದೂರದಲ್ಲಿ, ಒಂದೇ ಕಡೆ ತಂಗಿದ್ದ ಗಾಯಕರಿಗೆ ಹೋಗಲು ಬೇರೆ ಸ್ಥಳವಿರಲಿಲ್ಲ, ಮಾಡಲು ಬೇರೆ ಕೆಲಸವಿರಲಿಲ್ಲ. ದೂರವೆಂಬ ಅನನುಕೂಲವೇ ಹೀಗೆ ಆ ಸಂಸ್ಥೆಯ ದೊಡ್ಡ ಬಂಡವಾಳವಾಯಿತು.

1934ರ ಮೇ 28ರಂದು ಮೋಟ್ಸಾರ್ಟ್‌ನ ‘ಫಿಗರೊನ ಮದುವೆ’ಯೊಂದಿಗೆ ಉತ್ಸವ ಆರಂಭವಾಯಿತು. ಸುಸಾನಳ ಪಾತ್ರದಲ್ಲಿ ಮನೆಯೊಡತಿ ಆಡ್ರಿಯೇ ಹಾಡಿದಳು. ಮರುದಿನದ ‘ಕೋಸಿ ಫಾನ್ ತುತ್ತೆ’ಗೆ ಅನೇಕ ಆಸನಗಳು ಖಾಲಿ ಇದ್ದವು. ಆದರೆ ವಿಮರ್ಶಕರ ಮೆಚ್ಚುಗೆಯ ಮಾತು ಹರಡುತ್ತಿದ್ದಂತೆ ವಿಕ್ಟೋರಿಯಾದ ಮಧ್ಯಾಹ್ನದ ರೈಲು ತುಂಬತೊಡಗಿತು. ಪ್ರೇಕ್ಷಕರು ಔಪಚಾರಿಕ ಉಡುಪಿನಲ್ಲಿ ಬರಬೇಕೆಂದು ಕ್ರಿಸ್ಟಿ ಬಯಸಿದ್ದ. ಕಲಾವಿದರು ಪಟ್ಟ ಶ್ರಮಕ್ಕೆ ಅದು ಸಲ್ಲಿಸುವ ಗೌರವವೆಂಬುದು ಅವನ ನಂಬಿಕೆ. ನಡುವಿನ ದೀರ್ಘ ವಿರಾಮದಲ್ಲಿ ಹುಲ್ಲುಹಾಸಿನ ಮೇಲೆ ಊಟ ಮಾಡುವ ರೂಢಿಯೂ ಬೆಳೆಯಿತು. ಇಂದು ಅನೇಕರಿಗೆ ಗ್ಲೈಂಡ್‌ಬೋರ್ನ್ ಎಂದರೆ ಈ ಊಟ, ಈ ಉಡುಪು. ಆದರೆ ಆ ಹುಲ್ಲುಹಾಸಿನ ಪಕ್ಕದ ಗೋಡೆಗಳೊಳಗೆ ದುಡಿದವರು ನೆಲೆ ಕಳೆದುಕೊಂಡವರಾಗಿದ್ದರೆಂಬುದನ್ನು ಮರೆತರೆ ಕಥೆಯ ಅರ್ಧಭಾಗ ಕೈತಪ್ಪಿಹೋಗುತ್ತದೆ.

1939ರಲ್ಲಿ ಯುದ್ಧ ಬಂದಾಗ ಲಂಡನ್ನಿನಿಂದ ಇಲ್ಲಿಗೆ ಬೇರೆಯೇ ಬಗೆಯ ಪ್ರಯಾಣಿಕರು ಬಂದರು: ಬಾಂಬುಗಳ ಭಯದಿಂದ ಊರು ಬಿಡಿಸಿದ ನೂರಾರು ಪುಟ್ಟ ಮಕ್ಕಳು. ಸಂಗೀತದ ಮನೆ ಶಿಶುಗಳ ಆಶ್ರಯವಾಯಿತು. ಬುಶ್ ಅಮೆರಿಕ ಖಂಡಗಳಲ್ಲಿ, ಏಬರ್ಟ್ ತುರ್ಕಿಯ ಅಂಕಾರದಲ್ಲಿ ಕೆಲಸ ಮಾಡಿದರು. ಬಿಂಗ್ ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ನೌಕರಿ ಹಿಡಿದ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬೆಂಜಮಿನ್ ಬ್ರಿಟನ್‌ನ ‘ದಿ ರೇಪ್ ಆಫ್ ಲುಕ್ರೀಶಿಯಾ’ ಇಲ್ಲಿಯೇ ಮೊದಲ ಬಾರಿಗೆ ರಂಗವೇರಿತು. 1947ರಲ್ಲಿ ಆರಂಭವಾದ ಎಡಿನ್‌ಬರೋ ಉತ್ಸವದ ಮೊದಲ ನಿರ್ದೇಶಕನಾದವನು ಬಿಂಗ್. ಮುಂದೆ 1950ರಿಂದ 1972ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾವನ್ನು ನಡೆಸಿದವನೂ ಅವನೇ. ಅಲ್ಲಿ 1955ರಲ್ಲಿ ಮೇರಿಯನ್ ಆಂಡರ್ಸನ್ ಹಾಡಿದಾಗ ಕಪ್ಪು ಜನಾಂಗದ ಗಾಯಕಿಯೊಬ್ಬಳು ಆ ರಂಗದ ಮೇಲೆ ಮೊದಲ ಬಾರಿಗೆ ಪ್ರಮುಖ ಪಾತ್ರ ವಹಿಸಿದಂತಾಯಿತು. ಹೊರಹಾಕಿಸಿಕೊಂಡವನೊಬ್ಬ ಇನ್ನೊಬ್ಬರಿಗೆ ಬಾಗಿಲು ತೆರೆದದ್ದು ಹೀಗೆ.

ಆದರೆ ಈ ಇತಿಹಾಸದಲ್ಲಿ ಮುಜುಗರದ ಪ್ರಶ್ನೆಯೊಂದು ಮೊದಲಿನಿಂದಲೂ ಇದೆ. ದೂರ ಪಯಣಿಸಲು ದುಡ್ಡು ಬೇಕು, ಬಿಡುವು ಬೇಕು. ಟಿಕೆಟ್ಟಿನ ಬೆಲೆ ಸಾಮಾನ್ಯರ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ. ಸರ್ಕಾರದ ನೆರವಿಲ್ಲದೆ ಟಿಕೆಟ್ಟು ಮತ್ತು ದೇಣಿಗೆಗಳಿಂದಲೇ ಬೇಸಿಗೆಯ ಉತ್ಸವ ನಡೆಯುತ್ತದೆಂಬುದು ಹೆಮ್ಮೆಯ ಸಂಗತಿಯೇ. ಅದೇ ಕಾರಣಕ್ಕೆ ಅದು ಉಳ್ಳವರ ಉತ್ಸವವೆಂಬ ಮಾತೂ ತಪ್ಪಲಿಲ್ಲ. ಕ್ರಿಸ್ಟಿಯ ಮಗ ಜಾರ್ಜ್ ಇದಕ್ಕೆ ಕಂಡುಕೊಂಡ ಉತ್ತರ 1968ರಲ್ಲಿ ಆರಂಭವಾದ ಸಂಚಾರಿ ತಂಡ. ಜನ ರಂಗಮಂದಿರದ ಬಳಿಗೆ ಬರಲಾಗದಿದ್ದರೆ ರಂಗವೇ ಜನರ ಊರುಗಳಿಗೆ ಹೋಗಬೇಕು. ಎಳೆಯ ಗಾಯಕರಿಗೂ ಅಲ್ಲಿ ದೊಡ್ಡ ಪಾತ್ರಗಳು ದೊರೆಯಬೇಕು. ಇದಕ್ಕೆ ಸಾರ್ವಜನಿಕ ಅನುದಾನವೂ ದೊರೆಯಿತು. ಅದೇ ಜಾರ್ಜನ ನೇತೃತ್ವದಲ್ಲಿ, ಬಹುಪಾಲು ಖಾಸಗಿ ದೇಣಿಗೆಯಿಂದ ಕಟ್ಟಿದ 1,200 ಆಸನಗಳ ಹೊಸ ಮಂದಿರ 1994ರ ಮೇ 28ರಂದು, ಸರಿಯಾಗಿ ಅರವತ್ತು ವರ್ಷಗಳ ಬಳಿಕ, ಅದೇ ‘ಫಿಗರೊ’ದೊಂದಿಗೆ ತೆರೆಯಿತು.

ಈ ಸಂಚಾರದ ಮಾತು ಬಂದಾಗ ಕನ್ನಡಿಗರಿಗೆ ಹೆಗ್ಗೋಡು ನೆನಪಾಗದಿರದು. 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುನ್ನೋಟದಿಂದ ಸಾಗರ ತಾಲ್ಲೂಕಿನ ಆ ಹಳ್ಳಿಯನ್ನು ಬೆಂಗಳೂರಿನವರೂ ಹುಡುಕಿಕೊಂಡು ಹೋಗುವ ರಂಗಕೇಂದ್ರವನ್ನಾಗಿಸಿತು. 1985ರಿಂದ ‘ತಿರುಗಾಟ’ದ ಮೂಲಕ ನಾಟಕಗಳನ್ನು ನಾಡಿನ ಊರೂರಿಗೆ ಒಯ್ಯುತ್ತಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಒಂದು ಜಮೀನುದಾರನ ಹಣದಿಂದ ಎದ್ದದ್ದು, ಇನ್ನೊಂದು ಊರ ಜನರ ಕೂಡುಬಾಳಿನಿಂದ. ಆದರೂ ಹಳ್ಳಿಯಲ್ಲಿ ನೆಲೆಯೂರಿದ ರಂಗಸಂಸ್ಥೆಗೆ ಬರುವ ದಾರಿಯೂ ಹೋಗುವ ದಾರಿಯೂ ಎರಡೂ ಇರಬೇಕೆಂಬ ಅರಿವು ಇಬ್ಬರಿಗೂ ಒದಗಿತ್ತು.

ಇತ್ತೀಚಿನ ವರ್ಷಗಳಲ್ಲಿ ನಮಗೆ ಹತ್ತಿರವೆನಿಸುವ ಮತ್ತೊಂದು ಅಧ್ಯಾಯವೂ ಸೇರಿದೆ. 2005ರಲ್ಲಿ ಡೇವಿಡ್ ಮ್ಯಾಕ್‌ವಿಕರ್ ನಿರ್ದೇಶಿಸಿದ ಹ್ಯಾಂಡೆಲ್‌ನ ‘ಜೂಲಿಯೊ ಚೆಸಾರೆ’ಯಲ್ಲಿ ಈಜಿಪ್ಟಿನ ಕಥೆ ಬ್ರಿಟಿಷ್ ಸಾಮ್ರಾಜ್ಯದ ವೇಷ ತೊಟ್ಟಿತು, ನೃತ್ಯಗಳಲ್ಲಿ ಹಿಂದಿ ಚಲನಚಿತ್ರಗಳ ಛಾಯೆಯಿತ್ತು. ಕ್ಲಿಯೋಪಾತ್ರಳಾಗಿ ಹಾಡಿ ಕುಣಿದು ಹೆಸರಾದವಳು ಶ್ರೀಲಂಕಾ ಮೂಲದ ಕುಟುಂಬದಲ್ಲಿ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಡ್ಯಾನಿಯೆಲ್ ಡಿ ನೀಸ್. ಮುಂದೆ ಆಕೆ ಜಾನ್ ಕ್ರಿಸ್ಟಿಯ ಮೊಮ್ಮಗ ಗಸ್‌ನನ್ನು ವಿವಾಹವಾದಳು. ಗಾಯಕಿಯೊಬ್ಬಳು ಎರಡನೆಯ ಬಾರಿಗೆ ಆ ಮನೆಯ ಒಡತಿಯಾದಳು.

2022ರ ಕೊನೆಯಲ್ಲಿ ಸಂಸ್ಥೆಗೆ ದೊರೆಯುತ್ತಿದ್ದ ಸಾರ್ವಜನಿಕ ಅನುದಾನ ಅರ್ಧಕ್ಕೆ ಇಳಿಯಿತು. 2023ರ ಸಂಚಾರ ರದ್ದಾಯಿತು. ಬೇಸಿಗೆಯ ಉತ್ಸವಕ್ಕೆ ಅದರಿಂದ ಕುಂದಾಗಲಿಲ್ಲ, ವಿಕ್ಟೋರಿಯಾದ ರೈಲು ಎಂದಿನಂತೆ ತುಂಬಿತು. ನಷ್ಟವಾದದ್ದು ಆ ರೈಲು ಹತ್ತಲಾಗದವರಿಗೆ, ತಮ್ಮ ಊರಿನ ರಂಗಮಂದಿರಕ್ಕೆ ಆಪೆರಾ ಬರುವುದನ್ನೇ ಕಾದಿದ್ದವರಿಗೆ. ಪರದೇಶದಲ್ಲಿ ಶಾಲೆಯ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು ಕನ್ನಡ ನಾಟಕವಾಡುವ ನಮಗೆ, ದೂರದ ಊರಿನಿಂದ ಒಂದು ತಂಡ ಬಂದು ಆಡಿಹೋಗುವುದರ ಬೆಲೆ ತಿಳಿಯದ್ದಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಸದಸ್ಯರಲ್ಲಿ ಯಾರಾದರೂ ಲೂಯಿಸ್‌ಗೆ ಹೊರಟರೆ ಬುತ್ತಿಯಲ್ಲಿ ಚಿತ್ರಾನ್ನವಿರಲಿ, ಹುಲ್ಲುಹಾಸಿನ ಮೇಲೆ ನೆಮ್ಮದಿಯ ಊಟವಾಗಲಿ. ಒಳಗೆ ಹೋಗಿ ಕುಳಿತಾಗ ಮಾತ್ರ, ಡ್ರೆಸ್ಡನ್ನಿನಿಂದಲೂ ಬರ್ಲಿನ್ನಿನಿಂದಲೂ ಹೊರದಬ್ಬಿಸಿಕೊಂಡು ಬಂದು ಈ ರಂಗಕ್ಕೆ ಮೊದಲ ತಾಲೀಮು ಕೊಟ್ಟವರನ್ನು ಒಂದು ಗಳಿಗೆ ನೆನೆಯಲಿ.