ಕೋಡಿ

ಹಿರೇಗುಂಟನೂರಿನ ಸೀಮೆಯಲ್ಲಿ ಮಳೆ ಹೇಗಾಯಿತೆಂದು ತಿಳಿಯಬೇಕಾದರೆ ‘ಕೆರೆ ಕೋಡಿ ಬಿತ್ತಾ?’ ಎಂದು ಕೇಳಿದರೆ ಸಾಕು. ಕೋಡಿಯೆಂದರೆ ಏರಿಯ ಒಂದು ಕೊನೆಯಲ್ಲಿ, ಏರಿಗಿಂತ ತಗ್ಗಾಗಿ, ಹೆಚ್ಚಿನ ನೀರು ಹೊರಹೋಗಲು ಬಿಟ್ಟ ದಾರಿ. ತಮಿಳಿನಲ್ಲಿ ಇದೇ ಪದಕ್ಕೆ ತುದಿ, ಕೊನೆ ಎಂಬ ಅರ್ಥ. ನದಿ ಕಡಲು ಸೇರುವೆಡೆಯ ಮರಳುದಂಡೆಗಳಿಗೂ ನಮ್ಮ ಕರಾವಳಿಯಲ್ಲಿ ಇದೇ ಹೆಸರು: ಕುಂದಾಪುರದ ಕೋಡಿ, ಕೋಡಿಬೆಂಗ್ರೆ. ಹಾಗಾಗಿ ಮೂಲದ ಅರ್ಥ ಅಂಚು ಎಂದೇ ತೋರುತ್ತದೆ. ಅಲ್ಲಿ ಹರಿಯುವ ನೀರಿಗೆ ಹೆಸರು ಆಮೇಲೆ ಅಂಟಿರಬೇಕು.

ಮಳೆಮಾಪಕ ಹೇಳದ್ದನ್ನು ಈ ಪದ ಹೇಳುತ್ತದೆ. ಒಂದೇ ರಾತ್ರಿಯ ಬಿರುಮಳೆ ಒಣನೆಲದ ಮಣ್ಣು ಕೊಚ್ಚಿ ತಂದು ಕೆರೆಗೆ ಹೂಳು ತುಂಬೀತು, ದೊಡ್ಡ ಕೆರೆಯ ಕೋಡಿ ಹರಿಸುವುದು ಅಪರೂಪ. ನೆಲ ನೆನೆದು, ಮೇಲಿನ ಕೆರೆಗಳು ತುಂಬಿ, ಹಳ್ಳ ಹರಿದ ಮೇಲೆಯೇ ಅದರ ಸರದಿ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಭದ್ರೆಯಿಂದ ಎತ್ತಿ ಹರಿಸಿದ ನೀರೂ ಸೇರಿತ್ತಲ್ಲ, ಅದು ಮಳೆಯ ಸಾಕ್ಷಿ ಹೇಗಾದೀತು ಎಂದು ಕೇಳಬಹುದು. ಆಕ್ಷೇಪ ಸರಿಯೇ. ಆದರೆ ಭದ್ರೆಯದೂ ಮಲೆನಾಡಿನ ಮುಂಗಾರಿನ ನೀರೇ. ಆ ವರ್ಷ ಈ ಜಲಾಶಯದ ಸ್ವಂತ ನದಿಯಾದ ವೇದಾವತಿಯ ಕಡೆಯೂ ಮಳೆ ಜೋರಾಗಿತ್ತು. ಈ ಜಲಾಶಯದ ಕೋಡಿಯಲ್ಲಿ ಈಗ ಎರಡು ನದಿಗಳ ಮಳೆಲೆಕ್ಕ ಕೂಡಿರುತ್ತದೆ. ಊರಕೆರೆಗಳ ಮಟ್ಟಿಗೆ ಹಳೆಯ ಅರ್ಥ ಹಾಗೇ ಇದೆ.