ನೆಲದ ಮೇಲೆ ಸಾಗಿದ ಎರಡು ದೋಣಿಗಳು

ದೋಣಿಗೆ ಅಪಾಯವೆಲ್ಲ ನೀರಿನಲ್ಲೇ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ವಿಚಾರ ಮಾಡಿದರೆ, ಅದು ನೆಲದ ಮೇಲೆ ಸಾಗುವಾಗ ಎದುರಿಸುವ ಅಪಾಯವೇನೂ ಕಡಿಮೆಯಲ್ಲ. ನೀರು ದೋಣಿಯ ತಳವನ್ನು ಎಲ್ಲ ಕಡೆಯಿಂದಲೂ ಆತು ಹಿಡಿದಿರುತ್ತದೆ. ಬಂಡಿಯ ಮೇಲೇರಿಸಿದೊಡನೆ ಅದೇ ಭಾರ ನಾಲ್ಕಾರು ಕಡೆ ಮಾತ್ರ ಕೂರುತ್ತದೆ. ಆಧಾರ ತಪ್ಪಾದ ಜಾಗದಲ್ಲಿದ್ದರೆ ಒಂದೇ ಕುಲುಕಿಗೆ ಹಲಗೆ ಬಿರಿಯಬಹುದು. ವರ್ಗಾವಣೆಯಾದಾಗಲೆಲ್ಲ ಸಂಸಾರವನ್ನು ಲಾರಿಗೆ ಹೇರಿದ ನಮ್ಮಂಥವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ದೊಡ್ಡ ನಿದರ್ಶನ ಮೊದಲನೆಯ ಮಹಾಯುದ್ಧದ ಕಾಲದ್ದು. ಮಧ್ಯ ಆಫ್ರಿಕದ ಟಾಂಗನಿಕಾ ಸರೋವರದ ಪೂರ್ವ ದಂಡೆ ಆಗ ಜರ್ಮನರದು, ಪಶ್ಚಿಮ ದಂಡೆ ಬೆಲ್ಜಿಯನ್ನರದು. ಸರೋವರದ ಮೇಲೆ ಜರ್ಮನ್ ಹಡಗುಗಳದ್ದೇ ಕಾರುಬಾರು. ಆ ಪ್ರದೇಶವನ್ನು ಬಲ್ಲ ಜಾನ್ ಲೀ ಎಂಬ ಬೇಟೆಗಾರ 1915ರ ಏಪ್ರಿಲ್‌ನಲ್ಲಿ ಲಂಡನ್ನಿನ ನೌಕಾಧಿಕಾರಿಗಳ ಮುಂದೆ ಒಂದು ಸಲಹೆಯಿಟ್ಟ. ವೇಗದ ಮೋಟಾರು ದೋಣಿಗಳನ್ನು ದಕ್ಷಿಣ ಆಫ್ರಿಕದಿಂದ ನೆಲದ ಮೇಲೆಯೇ ಸಾಗಿಸಿ ಸರೋವರಕ್ಕೆ ಇಳಿಸೋಣ ಎಂಬುದೇ ಆ ಸಲಹೆ. ಅದು ಒಪ್ಪಿಗೆಯಾಯಿತು.

ಥಾರ್ನಿಕ್ರಾಫ್ಟ್ ಕಾರ್ಖಾನೆಯವರು ಕಟ್ಟಿದ, ಸುಮಾರು 40 ಅಡಿ ಉದ್ದದ ಎರಡು ಮರದ ದೋಣಿಗಳು ದೊರೆತವು. ದಳಪತಿಯಾಗಿ ನೇಮಕಗೊಂಡ ಜೆಫ್ರಿ ಸ್ಪೈಸರ್-ಸಿಮ್ಸನ್ ಅವಕ್ಕೆ 'ಬೆಕ್ಕು', 'ನಾಯಿ' ಎಂಬ ಅರ್ಥದ ಇಂಗ್ಲಿಷ್ ಹೆಸರುಗಳನ್ನು ಸೂಚಿಸಿದ. ಮೇಲಿನವರು ಒಪ್ಪಲಿಲ್ಲ. ಆಗ ಅದೇ ಅರ್ಥ ಕೊಡುವ ಫ್ರೆಂಚ್ ಮಕ್ಕಳ ಮಾತುಗಳಾದ 'ಮಿಮಿ', 'ಟೂಟೂ' ಎಂಬ ಹೆಸರುಗಳನ್ನು ಬರೆದು ಕಳಿಸಿದ. ಅವು ಮಂಜೂರಾದವು! ಕಚೇರಿಯ ಕಾಗದಪತ್ರ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಜೂನ್ 15ರಂದು ಇಂಗ್ಲೆಂಡ್ ಬಿಟ್ಟ ದೋಣಿಗಳು ಹಡಗಿನಲ್ಲಿ ಕೇಪ್ ಟೌನಿಗೂ, ಅಲ್ಲಿಂದ ರೈಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮೈಲು ಸಾಗಿ ಆಗಸ್ಟ್ ಆರಂಭದಲ್ಲಿ ಕಾಂಗೋದ ಫುಂಗುರುಮೆಗೂ ಬಂದವು. ರೈಲುಹಾದಿ ಅಲ್ಲಿಗೆ ಮುಗಿಯಿತು. ಮುಂದಿನ ರೈಲುಹಾದಿ ಸಿಗುವುದು 146 ಮೈಲು ದೂರದ ಸಂಕಿಸಿಯದಲ್ಲಿ. ನಡುವೆ ಕಾಡು, ಹಳ್ಳಗಳು, ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮೇಲೆದ್ದ ಮಿಟುಂಬಾ ಬೆಟ್ಟಸಾಲು.

ದೋಣಿಗಳನ್ನು ಗಾಲಿ ಹೂಡಿದ ತೊಟ್ಟಿಲುಗಳಲ್ಲಿ ಕೂರಿಸಿದರು. ಎಳೆಯಲು ಎರಡು ಉಗಿಯಂತ್ರಗಳೂ ಎತ್ತುಗಳ ಹಿಂಡೂ ಇದ್ದವು. ದಾರಿಗಾಗಿ ಮರ ಕಡಿದು, ಸುಮಾರು 150 ಸೇತುವೆಗಳನ್ನು ಮರದ ದಿಮ್ಮಿಗಳಿಂದಲೇ ಕಟ್ಟಬೇಕಾಯಿತು. ಯಂತ್ರದ ಬಲ ಸಾಲದ ಕಡೆ ಎತ್ತುಗಳು, ಎತ್ತುಗಳ ಬಲ ಸಾಲದ ಕಡೆ ಹಗ್ಗ ಮತ್ತು ರಾಟೆ. ಏರುವುದಕ್ಕಿಂತ ಇಳಿಯುವುದು ಕಠಿಣ. ಇಳಿಜಾರಿನಲ್ಲಿ ಭಾರವನ್ನು ಎಳೆಯುವುದಲ್ಲ, ಹಿಡಿದು ನಿಲ್ಲಿಸುವುದೇ ಕೆಲಸ. ಉಗಿಯಂತ್ರಗಳಿಗೆ ಸೌದೆ, ನೀರು ಎರಡೂ ಬೇಕು. ಅದು ಒಣ ಹವೆಯ ಕಾಲ. ದೂರದಿಂದ ಸ್ಥಳೀಯ ಹೆಂಗಸರು ಕೊಡಗಳಲ್ಲಿ ನೀರು ಹೊತ್ತು ತಂದು ಯಂತ್ರಗಳ ದಾಹ ತೀರಿಸಿದರು. ಆಗಸ್ಟ್ 18ರಂದು ಹೊರಟು ಸೆಪ್ಟೆಂಬರ್ 28ರಂದು ಸಂಕಿಸಿಯ ಮುಟ್ಟಿದರು. ಸರಾಸರಿ ದಿನಕ್ಕೆ ನಾಲ್ಕು ಮೈಲಿಯೂ ಇಲ್ಲ! ಆದರೆ ಎರಡು ದೋಣಿಗಳೂ ಇಡಿಯಾಗಿ ತಲುಪಿದವು.

ಮುಂದೆ ಸಣ್ಣ ರೈಲು, ಲುವಾಲಾಬ ನದಿ, ಮತ್ತೆ ರೈಲು. ಡಿಸೆಂಬರ್ ಕೊನೆಗೆ ದೋಣಿಗಳು ಸರೋವರಕ್ಕಿಳಿದವು. 26ರಂದು 'ಕಿಂಗಾನಿ' ಎಂಬ ಜರ್ಮನ್ ಹಡಗು ಕೆಲವೇ ನಿಮಿಷಗಳ ಕಾಳಗದಲ್ಲಿ ಸೆರೆಸಿಕ್ಕಿತು. 1916ರ ಫೆಬ್ರವರಿ 9ರಂದು 'ಹೆಡ್ವಿಗ್ ಫಾನ್ ವಿಸ್ಮಾನ್' ಮುಳುಗಿತು. ಅಧಿಕಾರಿಗೆ ಪದಕ ಬಂತು. ಸಲಹೆ ಕೊಟ್ಟ ಲೀಯನ್ನು ನಡುದಾರಿಯಲ್ಲೇ ತಂಡದಿಂದ ಕಳಿಸಿಬಿಟ್ಟಿದ್ದರು. ಸೇತುವೆಗೆ ದಿಮ್ಮಿ ಹೊತ್ತ ನೂರಾರು ಆಫ್ರಿಕನ್ನರ, ನೀರು ಹೊತ್ತ ಆ ಹೆಂಗಸರ ಹೆಸರು ಯುದ್ಧದ ಕಥೆಗಳಲ್ಲಿ ಕಾಣುವುದೇ ಇಲ್ಲ. ಅದು ಅವರ ಯುದ್ಧವೂ ಆಗಿರಲಿಲ್ಲ.

ಉಳಿದ ದೊಡ್ಡ ಜರ್ಮನ್ ಹಡಗು 'ಗ್ರಾಫ್ ಫಾನ್ ಗೋಟ್ಸೆನ್'. ಅದು ಕೂಡ ನೆಲದ ಮೇಲೆ ಸಾಗಿ ಬಂದದ್ದೇ: ಜರ್ಮನಿಯ ಪಾಪೆನ್‌ಬುರ್ಗಿನಲ್ಲಿ ಕಟ್ಟಿ, ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ತಂದು, ಸರೋವರದ ದಂಡೆಯಲ್ಲಿ ಮತ್ತೆ ಜೋಡಿಸಿದ್ದರು. 1916ರ ಜುಲೈನಲ್ಲಿ ಹಿಮ್ಮೆಟ್ಟುವಾಗ ಜರ್ಮನರು ಅದನ್ನು ತಾವೇ ಮುಳುಗಿಸಿದರು. ಆದರೆ ಅದಕ್ಕೆ ಮುಂಚೆ ಅದರ ಯಂತ್ರಗಳಿಗೆಲ್ಲ ದಪ್ಪನಾಗಿ ಗ್ರೀಸು ಬಳಿದಿದ್ದರು. 1924ರಲ್ಲಿ ಮೇಲೆತ್ತಿದಾಗ ಅವು ಕೆಟ್ಟಿರಲಿಲ್ಲ. 1927ರಿಂದ 'ಲಿಯೆಂಬಾ' ಎಂಬ ಹೊಸ ಹೆಸರಿನಿಂದ ಆ ಹಡಗು ದಶಕಗಳ ಕಾಲ ಪ್ರಯಾಣಿಕರನ್ನು ಸಾಗಿಸಿತು. ನಾಶ ಮಾಡುವಾಗಲೂ ಜೋಪಾನ ಮರೆಯದ ಆ ಕೆಲಸಗಾರರನ್ನು ಏನೆಂದು ಹೊಗಳಬೇಕು?

ಇಂದು ಕಾರಿನ ಹಿಂದೆ ದೋಣಿಯ ಟ್ರೈಲರ್ ಕಟ್ಟಿ ಎಳೆಯುವವರು ಅನುಸರಿಸುವ ನಿಯಮಗಳೂ ಇದೇ ಜಾತಿಯವು. ದೋಣಿಯ ತಳಕ್ಕೆ ಒಪ್ಪುವ ಆಧಾರ ಬೇಕು. ಹಿಂದೆಯೂ ಮುಂದೆಯೂ ಪಟ್ಟಿ ಬಿಗಿಯಬೇಕು. ಭಾರ ಅಚ್ಚಿನಿಂದ ತುಸು ಮುಂದಕ್ಕಿರಬೇಕು. ಹಿಂಭಾರವಾದರೆ ಟ್ರೈಲರ್ ರಸ್ತೆಯಲ್ಲಿ ಆ ಕಡೆ ಈ ಕಡೆ ತೂರಾಡುತ್ತದೆ. ಕೊಂಡಿ ಕಳಚಿದರೆ ಹಿಡಿಯಲೆಂದು ಸರಪಳಿಗಳು ಬೇಕು. ಎಲ್ಲಕ್ಕಿಂತ ಮುಖ್ಯ, ಗಾಲಿಯ ಬೇರಿಂಗುಗಳ ಗ್ರೀಸು. ದೂರ ಓಡಿ ಕಾದ ಗಾಲಿಯನ್ನು ತಕ್ಷಣ ತಣ್ಣೀರಿಗೆ ಇಳಿಸಬಾರದು. ಒಳಗಿನ ಬಿಸಿ ಗಾಳಿ ಥಟ್ಟನೆ ತಣಿದು ಕುಗ್ಗಿದಾಗ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗ್ರೀಸು ಕೆಡುತ್ತದೆ, ತುಕ್ಕು ಹಿಡಿಯುತ್ತದೆ. ಇದು ಶಾಲೆಯ ಭೌತಶಾಸ್ತ್ರವೇ. ಹೊರಡುವ ಮುನ್ನ ಕೀಲೆಣ್ಣೆ ಹಾಕಿ, ಕಡಾಣಿ ಮುಟ್ಟಿ ನೋಡುತ್ತಿದ್ದ ನಮ್ಮ ಹಳ್ಳಿಯ ಬಂಡಿಯವನಿಗೆ ಈ ಎಚ್ಚರ ಪಾಠವಿಲ್ಲದೆಯೇ ಗೊತ್ತಿತ್ತು.

ಟಾಂಗನಿಕಾದ ಕಾಳಗವನ್ನು ತುಪಾಕಿ ಗೆದ್ದಿತೆಂದು ಬರೆಯುವುದುಂಟು. ಲೆಕ್ಕ ಹಾಕಿ ನೋಡಿದರೆ, ನಿಮಿಷಗಳ ಆ ಗೆಲುವಿನ ಹಿಂದೆ ಕಾಡುದಾರಿಯ ನಲವತ್ತೊಂದು ದಿನಗಳಿವೆ. ಅಚ್ಚು, ಹಗ್ಗ, ಸೇತುವೆ, ಒಂದು ಕೊಡ ನೀರು ಇವೆ. ಆ ಲೆಕ್ಕವನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣವೆಂದೇ ನಮ್ಮ ಭಾವನೆ.